ಕೊನೆಯ ಬೆಂಚಿನ ಸಾಹೇಬರು



ಪಾಠ ನಡೆಯುತ್ತಿರುತ್ತದೆ. ಹೆಡ್‌ಮಾಸ್ಟರು ಬಾಗಿಲ ಬಳಿ ಕಾಣಿಸಿಕೊಳ್ಳುತ್ತಾರೆ, ಅವರ ಹಿಂದೆ ಇಲಾಖೆಯ ಸಾಹೇಬರು. ಮಕ್ಕಳೆಲ್ಲ ಎದ್ದು ನಿಂತು ಒಂದೇ ರಾಗದಲ್ಲಿ ‘ನಮಸ್ತೇ ಸಾರ್’ ಎನ್ನುತ್ತಾರೆ. ‘ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೇಡಂ, ನೀವು ಮುಂದುವರಿಸಿ’ ಎಂದು ಸಾಹೇಬರು ಹಿಂದೆ ಹೋಗಿ ಕೂರುತ್ತಾರೆ. ಮೇಡಂ ದನಿ ಒಂದು ಮೆಟ್ಟಿಲು ಏರುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಭೇಟಿ ಪುಸ್ತಕದಲ್ಲಿ ನಾಲ್ಕು ಸಾಲು ಬೀಳುತ್ತವೆ: ‘ಪಾಠೋಪಕರಣ ಬಳಸಿದ್ದಾರೆ. ಮಕ್ಕಳು ಚೆನ್ನಾಗಿ ಸ್ಪಂದಿಸಿದರು. ಕಪ್ಪುಹಲಗೆಯ ಕೆಲಸ ಸುಧಾರಿಸಬೇಕು. ತೃಪ್ತಿಕರ.’

ನಮ್ಮ ಶಾಲೆಗಳಲ್ಲಿ ಓದಿದವರಿಗಾಗಲಿ ಕಲಿಸಿದವರಿಗಾಗಲಿ ಇದು ಹೊಸ ನೋಟವಲ್ಲ. ಆ ನಾಲ್ಕು ಸಾಲನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದಷ್ಟೇ ನನ್ನ ಇವತ್ತಿನ ವಿಷಯ. ಸಾಹೇಬರು ಪ್ರಾಮಾಣಿಕರು, ಅನುಭವಸ್ಥರು, ಯಾರ ಮುಲಾಜಿಗೂ ಬೀಳದವರು ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಅವರು ಸೋಮವಾರ ಬರುವ ಬದಲು ಗುರುವಾರ ಬಂದಿದ್ದರೆ, ಕನ್ನಡದ ಪೀರಿಯಡ್ ಬಿಟ್ಟು ಗಣಿತದ ಪೀರಿಯಡ್‌ಗೆ ಬಂದಿದ್ದರೆ, ಅವರ ಜಾಗದಲ್ಲಿ ಅಷ್ಟೇ ಪ್ರಾಮಾಣಿಕರಾದ ಇನ್ನೊಬ್ಬರು ಬಂದಿದ್ದರೆ, ಅದೇ ನಾಲ್ಕು ಸಾಲು ಬರುತ್ತಿದ್ದವೇ? ಅಳತೆಯ ಶಾಸ್ತ್ರದಲ್ಲಿ ವಿಶ್ವಸನೀಯತೆ ಎನ್ನುವುದು ಇದಕ್ಕೆ.

ಶಾಲೆಗೆ ಇನ್‌ಸ್ಪೆಕ್ಟರ್ ಬರುವ ಪದ್ಧತಿ ಬ್ರಿಟಿಷರ ಕಾಲದ್ದು. 1854ರ ವುಡ್ ನಿರೂಪದ ನಂತರ ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿದವು, ಜೊತೆಗೆ ತನಿಖೆಯ ಅಧಿಕಾರಿಗಳೂ ಬಂದರು. ಧಾರವಾಡದ ಕಡೆ ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದ ಚೆನ್ನಬಸಪ್ಪನವರ ಹೆಸರಿಗೆ ‘ಡೆಪ್ಯೂಟಿ’ ಎಂಬುದು ಅಂಟಿಕೊಂಡದ್ದು ಈ ಹುದ್ದೆಯಿಂದಲೇ. ದಕ್ಷಿಣ ಕನ್ನಡದಲ್ಲಿ ಪಂಜೆ ಮಂಗೇಶರಾಯರೂ ಶಾಲಾ ಇನ್‌ಸ್ಪೆಕ್ಟರಾಗಿದ್ದವರು. ಹಳೆಯ ತನಿಖೆಯಲ್ಲಿ ಮೇಷ್ಟ್ರನ್ನು ತೂಗುತ್ತಿದ್ದದ್ದು ಹೆಚ್ಚಾಗಿ ಮಕ್ಕಳ ಬಾಯಿಂದ. ಮಗ್ಗಿ ಹೇಳಿಸುವುದು, ಉಕ್ತಲೇಖನ ಬರೆಸುವುದು, ಅಷ್ಟು. ಇಂಗ್ಲೆಂಡಿನಲ್ಲಂತೂ 1862ರಿಂದ ಇನ್‌ಸ್ಪೆಕ್ಟರ ಎದುರು ಎಷ್ಟು ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾದರು ಎಂದು ಎಣಿಸಿ ಶಾಲೆಗೆ ಅನುದಾನ ಕೊಡುತ್ತಿದ್ದರು. ಇದರಿಂದ ಪಾಠ ಯಾಂತ್ರಿಕವಾಗುತ್ತದೆ ಎಂದು ತಕರಾರು ತೆಗೆದವರಲ್ಲಿ ಸ್ವತಃ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಮುಖ್ಯರು. ಹಿಂದೆ ಕೂತು ಪಾಠವನ್ನೇ ನೋಡಿ ಅದಕ್ಕೆ ಅಂಕ ಕೊಡುವ ಶಾಸ್ತ್ರ ಬೆಳೆದದ್ದು ಇದಾದ ಬಹಳ ಕಾಲಕ್ಕೆ.

ಬಿ.ಎಡ್. ಮಾಡಿದ ಕೇಳುಗರಿಗೆ ಫ್ಲ್ಯಾಂಡರ್ಸ್ ಎಂಬ ಹೆಸರು ನೆನಪಿರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿದ ಟಿಪ್ಪಣಿಗಳಲ್ಲಿ ಅದೂ ಒಂದು. ಅಮೆರಿಕದ ನೆಡ್ ಫ್ಲ್ಯಾಂಡರ್ಸ್ ತರಗತಿಯ ಮಾತುಕತೆಯನ್ನು 10 ಬಗೆಯಾಗಿ ವಿಂಗಡಿಸಿದರು. ಅದರಲ್ಲಿ 7 ಶಿಕ್ಷಕರ ಮಾತಿಗೆ, 2 ಮಕ್ಕಳ ಮಾತಿಗೆ. ಹತ್ತನೆಯದು ‘ಮೌನ ಅಥವಾ ಗೊಂದಲ’. ವೀಕ್ಷಕರು 3 ಸೆಕೆಂಡಿಗೊಮ್ಮೆ ಆಗ ನಡೆಯುತ್ತಿರುವುದರ ಅಂಕಿಯನ್ನು ಬರೆದುಕೊಳ್ಳುತ್ತ ಹೋಗಬೇಕು. ನಿಮಿಷಕ್ಕೆ 20, ನಲವತ್ತು ನಿಮಿಷದ ಪೀರಿಯಡ್‌ಗೆ 800 ಅಂಕಿ. ಕೈ ಸೋಲುತ್ತದೆ, ನಿಜ. ಆದರೆ ಇಬ್ಬರಿಗೆ ಚೆನ್ನಾಗಿ ತರಬೇತಿ ಕೊಟ್ಟು ಒಂದೇ ತರಗತಿಯಲ್ಲಿ ಕೂರಿಸಿದರೆ ಅವರ ಅಂಕಿಗಳು ಬಹುಮಟ್ಟಿಗೆ ತಾಳೆಯಾಗುತ್ತವೆ. ವಿಶ್ವಸನೀಯತೆ ಬೇಕು ಎಂದವರಿಗೆ ಅದು ಸಿಕ್ಕಿತು.

ಆದರೆ ಏನು ಸಿಕ್ಕಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಬ್ಬ ಮೇಡಂ ಭಿನ್ನರಾಶಿಯ ಪಾಠ ಮುಗಿಸಿ ‘ಅರ್ಥ ಆಯ್ತಾ ಮಕ್ಕಳೇ?’ ಎಂದರು. ಅದು ಪ್ರಶ್ನೆ, ಆದ್ದರಿಂದ 4. ಮಕ್ಕಳು ‘ಆಯ್ತು ಮಿಸ್’ ಎಂದು ಕೂಗಿದರು. ಅದು ಉತ್ತರ, ಆದ್ದರಿಂದ 8. ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಮೇಡಂ ಅದೇ ಪಾಠ ಮಾಡುತ್ತಿದ್ದಾರೆ. ಅರ್ಧಕ್ಕೆ ಮೂರನೇ ಒಂದು ಸೇರಿಸಿದರೆ ಐದನೇ ಎರಡು ಎಂದಳು ಒಬ್ಬ ಹುಡುಗಿ. ಮೇಲಿನವನ್ನು ಮೇಲಿನದಕ್ಕೆ, ಕೆಳಗಿನವನ್ನು ಕೆಳಗಿನದಕ್ಕೆ ಕೂಡಿಸಿಬಿಟ್ಟಿದ್ದಾಳೆ. ಮೇಡಂ ಅವಳನ್ನು ತಪ್ಪು ಎನ್ನದೆ ‘ಅರ್ಧ ರೊಟ್ಟಿ ನಿನ್ನ ಹತ್ರ ಮೊದಲೇ ಇತ್ತು. ಇನ್ನೊಂದು ಚೂರು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಮ್ಮಿ ಆಗಿದ್ದು ಹೇಗಮ್ಮ?’ ಎಂದು ಕೇಳಿದರು. ಇದೂ ಪ್ರಶ್ನೆ, ಇದಕ್ಕೂ 4. ಹುಡುಗಿ ತಡವರಿಸಿ ಯೋಚಿಸುತ್ತ ನಿಂತ ಹತ್ತು ಹನ್ನೆರಡು ಸೆಕೆಂಡು ಹೋಗಿ ಸೇರುವುದು ‘ಮೌನ ಅಥವಾ ಗೊಂದಲ’ದ ಲೆಕ್ಕಕ್ಕೆ. ಆ ಇಡೀ ಪೀರಿಯಡ್‌ನಲ್ಲಿ ಕಲಿಕೆ ಎಂಬುದು ನಡೆದಿದ್ದರೆ ಆ ಹನ್ನೆರಡು ಸೆಕೆಂಡಿನಲ್ಲಿ ನಡೆದಿತ್ತು. ಮಕ್ಕಳು ಹತ್ತು ನಿಮಿಷ ತಮ್ಮಷ್ಟಕ್ಕೆ ಕತೆ ಓದಿಕೊಂಡರೂ ಅದೇ ಗತಿ: 200 ಸಲ ‘ಮೌನ ಅಥವಾ ಗೊಂದಲ’. ಫ್ಲ್ಯಾಂಡರ್ಸ್ ಅವರನ್ನು ದೂರುವಂತಿಲ್ಲ. ಅವರು ಅಳೆಯಹೊರಟದ್ದು ಮಾತನ್ನು. ಅದನ್ನು ಕಲಿಸುವಿಕೆಯ ಅಳತೆಯಾಗಿ ಓದಿಕೊಂಡವರು ಬೇರೆಯವರು.

ಅಮೆರಿಕದಲ್ಲಿ 2009ರ ಹೊತ್ತಿಗೆ ಇನ್ನೊಂದು ಬಗೆಯ ಅಸಮಾಧಾನ ಎದ್ದಿತು. ನಾಲ್ಕು ರಾಜ್ಯಗಳ 12 ಶಾಲಾ ಜಿಲ್ಲೆಗಳನ್ನು ನೋಡಿದ ಒಂದು ವರದಿ ಆ ವರ್ಷ ಹೊರಬಂತು. ‘ತೃಪ್ತಿಕರ’, ‘ಅತೃಪ್ತಿಕರ’ ಎಂದು ಎರಡೇ ದರ್ಜೆಯಿದ್ದ ಕಡೆ ಶೇಕಡ 99ಕ್ಕೂ ಹೆಚ್ಚು ಶಿಕ್ಷಕರು ತೃಪ್ತಿಕರರು ಎಂಬುದು ಅದರಲ್ಲಿ ಬಯಲಾಯಿತು. ನಮ್ಮ ಗೋಪ್ಯ ವರದಿಗಳನ್ನು ಕಂಡವರಿಗೆ ನಗು ಬರಬಹುದು. ಎಲ್ಲರಿಗೂ ಒಂದೇ ಅಂಕ ಕೊಡುವ ಅಳತೆಯಿಂದ ಯಾರ ವಿಷಯವೂ ತಿಳಿಯುವುದಿಲ್ಲವಲ್ಲ. ಆಗ ಗೇಟ್ಸ್ ಪ್ರತಿಷ್ಠಾನ ದೊಡ್ಡ ಮೊತ್ತ ಸುರಿದು ಸುಮಾರು 3,000 ಶಿಕ್ಷಕರ ಮೇಲೆ ಒಂದು ಅಧ್ಯಯನ ಮಾಡಿಸಿತು. ಪಾಠಗಳನ್ನು ವಿಡಿಯೊ ಮಾಡಿ, ತರಬೇತಿ ಪಡೆದವರಿಂದ ಅಂಕ ಹಾಕಿಸಿದರು. 2012ರ ಜನವರಿಯಲ್ಲಿ ಬಂದ ಅದರ ವರದಿ 1,333 ಶಿಕ್ಷಕರ 7,491 ಪಾಠಗಳನ್ನು ಆಧರಿಸಿತ್ತು. ಐದು ಬೇರೆ ಬೇರೆ ಅಳತೆಪಟ್ಟಿಗಳನ್ನು ಹಿಡಿದು ನೋಡಿದಾಗ, ಒಂದು ಪಾಠಕ್ಕೆ ಒಬ್ಬರು ಕೊಟ್ಟ ಅಂಕದಲ್ಲಿನ ಏರಿಳಿತದಲ್ಲಿ ಶಿಕ್ಷಕರ ಸ್ಥಿರವಾದ ಗುಣಕ್ಕೆ ಸೇರಿದ್ದು ಅಳತೆಪಟ್ಟಿಗೆ ತಕ್ಕಂತೆ ಶೇಕಡ 14ರಿಂದ 37ರಷ್ಟು ಮಾತ್ರ. ಉಳಿದದ್ದೆಲ್ಲ ಆ ದಿನದ್ದು, ಆ ಪಾಠದ್ದು, ನೋಡಿದ ಕಣ್ಣಿನದು. ಹಾಗೆ ನೋಡಿದವರು ಮೂರು ದಿನದ ಕಾರ್ಯಾಗಾರಕ್ಕೆ ಸಹಿ ಹಾಕಿ ಬಂದವರಲ್ಲ, ತರಬೇತಿಯ ಕೊನೆಗೆ ಪರೀಕ್ಷೆ ಪಾಸು ಮಾಡಿದವರು.

ಮುಂದಿನ ವರ್ಷ ಫ್ಲಾರಿಡಾದ ಹಿಲ್ಸ್‌ಬರೋ ಜಿಲ್ಲೆಯ ಲೆಕ್ಕ ಬಂತು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿದ ಅಧ್ಯಯನ ಅದೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹೋ ಮತ್ತು ಥಾಮಸ್ ಕೇನ್ ಮಾಡಿದ್ದು. 67 ಶಿಕ್ಷಕರು ತಮ್ಮ ಪಾಠಗಳ ವಿಡಿಯೊ ಕೊಟ್ಟರು. ಅದೇ ಜಿಲ್ಲೆಯ 129 ಮಂದಿ, ಅಂದರೆ ಮುಖ್ಯೋಪಾಧ್ಯಾಯರು, ಉಪ ಮುಖ್ಯೋಪಾಧ್ಯಾಯರು ಮತ್ತು ಸಹಶಿಕ್ಷಕರು, ತಲಾ 24 ಪಾಠ ನೋಡಿ ಅಂಕ ಹಾಕಿದರು. ಒಂದು ಪಾಠವನ್ನು ಅದೇ ಶಾಲೆಯ ಮುಖ್ಯಸ್ಥರೊಬ್ಬರು ನೋಡಿ ಕೊಟ್ಟ ಅಂಕದ ವಿಶ್ವಸನೀಯತೆ ಸುಮಾರು 0.51. ಪೂರ್ತಿ ನಂಬಬಹುದಾದ ಅಳತೆಗೆ 1 ಎಂದುಕೊಂಡರೆ ಇದು ಅರ್ಧದ ಹತ್ತಿರ. ಅದೇ ಮುಖ್ಯಸ್ಥರು ಎರಡನೆಯ ಪಾಠವನ್ನೂ ನೋಡಿದರೆ ಅದು 0.58ಕ್ಕೆ ಏರುತ್ತದೆ. ಎರಡನೆಯ ಪಾಠವನ್ನು ಅವರ ಬದಲು ಬೇರೊಬ್ಬ ಸಹಶಿಕ್ಷಕರು ನೋಡಿದರೆ 0.67.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡೂ ಸಂದರ್ಭದಲ್ಲಿ ನೋಡಿದ್ದು ಎರಡೇ ಪಾಠ, ಹಿಡಿದದ್ದು ಅಷ್ಟೇ ಹೊತ್ತು. ಕಣ್ಣು ಬದಲಾದದ್ದಕ್ಕೇ ಅಳತೆ ಸುಧಾರಿಸಿತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ 1910ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದರು. ವಿಲಿಯಂ ಬ್ರೌನ್ ಎಂಬವರೂ ಅದೇ ಹೊತ್ತಿಗೆ ಬೇರೆಯಾಗಿ ಅದನ್ನು ಕಂಡುಕೊಂಡಿದ್ದರಿಂದ ಇಬ್ಬರ ಹೆಸರಲ್ಲೂ ಅದು ಉಳಿದಿದೆ. ಒಂದು ಅಳತೆ ಎಷ್ಟು ನಂಬಿಕೆಗೆ ಅರ್ಹ ಎಂದು ಗೊತ್ತಿದ್ದರೆ, ಅಂಥವೇ ಎರಡು ಸ್ವತಂತ್ರ ಅಳತೆಗಳನ್ನು ಸೇರಿಸಿದಾಗ ಅದು ಎಷ್ಟಾಗುತ್ತದೆ ಎಂದು ಆ ಸೂತ್ರ ಹೇಳುತ್ತದೆ. 0.51 ಅನ್ನು ಅದಕ್ಕೆ ಹಾಕಿ ನೋಡಿ, 0.67ರ ಆಸುಪಾಸಿಗೇ ಬರುತ್ತದೆ. ಅಂದರೆ ಬೇರೆಯವರ ಎರಡನೆಯ ನೋಟ ನಿಜವಾಗಿಯೂ ಎರಡನೆಯ ನೋಟವಾಗಿತ್ತು. ಅದೇ ವ್ಯಕ್ತಿ ಎರಡನೆಯ ಸಲ ಕೂತಾಗ ಅರ್ಧಂಬರ್ಧ ಮಾತ್ರ ಹೊಸದಾಗಿ ನೋಡಿದರು, ಮಿಕ್ಕದ್ದನ್ನು ಮೊದಲ ದಿನದ ಅಭಿಪ್ರಾಯವೇ ತುಂಬಿಕೊಟ್ಟಿತು. ‘ಈ ಮೇಷ್ಟ್ರು ಚುರುಕು’ ಎಂದು ಒಮ್ಮೆ ಮನಸ್ಸಿಗೆ ಬಂದರೆ ಮುಂದಿನ ಪಾಠದ ಮಂಕುತನವೂ ಚುರುಕಾಗಿಯೇ ಕಾಣುತ್ತದೆ. ವರ್ಷಕ್ಕೆ ಮೂರು ಸಲ ಒಬ್ಬರೇ ಅಧಿಕಾರಿ ಬಂದುಹೋದರೆ ಮೂರು ವರದಿ ಸಿಗುತ್ತವೆ, ಸಾಕ್ಷ್ಯ ಮಾತ್ರ ಒಂದೂವರೆಯಷ್ಟು.

ಸ್ಪಿಯರ್‌ಮನ್ ಹೆಸರನ್ನು ಬಾನುಲಿಯಲ್ಲಿ ಎತ್ತಿದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಪರಂಪರೆಯಲ್ಲೇ ಕಲಿತು ಬಂದವರು. ಹಾಗಾಗಿ ಈ ಲೆಕ್ಕಾಚಾರ ರೇಡಿಯೊಗೆ ತೀರ ಹೊರಗಿನದೇನೂ ಅಲ್ಲ.

ಹಿಲ್ಸ್‌ಬರೋದ ಇನ್ನೊಂದು ಫಲಿತಾಂಶ ನಮ್ಮ ಎಷ್ಟೋ ಜನರ ಊಹೆಗೆ ತದ್ವಿರುದ್ಧ. ಮುಂಚೆ ತಿಳಿಸಿ ಬಂದರೆ ಶಿಕ್ಷಕರು ‘ತೋರಿಕೆಯ ಪಾಠ’ ಮಾಡುತ್ತಾರೆ, ಹೇಳದೆ ಕೇಳದೆ ದಿಢೀರ್ ಎಂದು ಬಂದರೇ ನಿಜ ಗೊತ್ತಾಗುವುದು ಎಂದು ನಾವು ನಂಬಿದ್ದೇವೆ. ಅಲ್ಲಿ ಶಿಕ್ಷಕರೇ ಆಯ್ದುಕೊಟ್ಟ ಪಾಠಗಳನ್ನೂ ಆಯ್ದುಕೊಡದ ಪಾಠಗಳನ್ನೂ ಹೋಲಿಸಿದರು. ಆಯ್ದ ಪಾಠಗಳಿಗೆ ಅಂಕ ಹೆಚ್ಚು ಬಂತು, ಅದು ಸಹಜ. ಆದರೆ ಯಾರು ಮುಂದೆ, ಯಾರು ಹಿಂದೆ ಎಂಬ ಸಾಲು ಬಹುಮಟ್ಟಿಗೆ ಹಾಗೇ ಉಳಿಯಿತು. ಚೆನ್ನಾಗಿ ಕಲಿಸಬಲ್ಲವರು ಸಿದ್ಧರಾಗಿ ಬಂದಾಗ ಇನ್ನೂ ಚೆನ್ನಾಗಿ ಕಲಿಸಿದರು, ಬಾರದವರಿಗೆ ಸಿದ್ಧತೆಯಿಂದ ಅಷ್ಟೇನೂ ಲಾಭವಾಗಲಿಲ್ಲ. ದಿಢೀರ್ ಭೇಟಿಯಿಂದ ಶಿಕ್ಷಕರು ಶಾಲೆಗೆ ಬಂದಿದ್ದಾರೋ ಇಲ್ಲವೋ ಗೊತ್ತಾದೀತು. ಕಲಿಸುವುದು ಹೇಗೆ ಎಂದು ತಿಳಿಯಲು ಆ ಪೊಲೀಸುತನ ಬೇಕಾಗಿಲ್ಲ.

ಇನ್ನೆರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ತಮ್ಮ ಶಾಲೆಯ ಶಿಕ್ಷಕರಿಗೆ ಮುಖ್ಯಸ್ಥರು ಹೊರಗಿನವರಿಗಿಂತ ತುಸು ಹೆಚ್ಚು ಅಂಕ ಕೊಟ್ಟರು. ವ್ಯತ್ಯಾಸ ಚಿಕ್ಕದು, ನಾಲ್ಕರ ಅಳತೆಯಲ್ಲಿ 0.1ರಷ್ಟು. ಮತ್ತೆ, ಆ ನಾಲ್ಕು ದರ್ಜೆಗಳಲ್ಲಿ ಬಹುಪಾಲು ಎಲ್ಲ ಅಂಕಗಳೂ ನಡುವಿನ ಎರಡರಲ್ಲೇ ಗುಂಪುಗಟ್ಟಿದವು. ‘ತುಂಬಾ ಕೆಟ್ಟದು’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ‘ಅತ್ಯುತ್ತಮ’ ಎನ್ನಲೂ ಅಷ್ಟೇ ಜಿಪುಣತನ.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು, ಇಷ್ಟೆಲ್ಲ ಪಾಠ ಯಾಕೆ ನೋಡಬೇಕು ಎಂದು ಹಿರಿಯ ಅಧಿಕಾರಿಗಳು ವಾದಿಸುವುದುಂಟು. ಒಂದೇ ಪಾತ್ರೆಯಲ್ಲಿ ಒಂದೇ ಬೆಂಕಿಗೆ ಬೆಂದ ಅಕ್ಕಿಗೆ ಆ ಮಾತು ಸರಿ. ಬೆಳಗಿನ ಮೊದಲ ಪೀರಿಯಡ್‌ನ ಐದನೇ ತರಗತಿಯೂ ಬಿಸಿಯೂಟದ ನಂತರದ ಐದನೇ ತರಗತಿಯೂ ಒಂದೇ ಪಾತ್ರೆಯವಲ್ಲ ಎಂಬುದು ಒಂದು ವಾರ ಪಾಠ ಮಾಡಿದ ಯಾರಿಗಾದರೂ ಗೊತ್ತು.

ವಿಶ್ವಸನೀಯತೆ ಸಾಧಿಸಿದರೂ ಕತೆ ಮುಗಿಯುವುದಿಲ್ಲ. ಇಬ್ಬರು ಒಪ್ಪಿದರು ಎಂದ ಮಾತ್ರಕ್ಕೆ ಇಬ್ಬರೂ ಸರಿ ಎಂದಾಗುವುದಿಲ್ಲವಲ್ಲ. 2011ರಲ್ಲಿ ಮೈಕೆಲ್ ಸ್ಟ್ರಾಂಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಮಕ್ಕಳ ಕಲಿಕೆ ಹೆಚ್ಚು ಏರಿದ ಶಿಕ್ಷಕರು ಕೆಲವರು, ಕಡಿಮೆ ಏರಿದವರು ಕೆಲವರು. ಅವರ ಪಾಠದ ತುಣುಕುಗಳನ್ನು ತೋರಿಸಿ ಯಾರು ಯಾವ ಕಡೆಯವರು ಎಂದು ಕೇಳಿದರು. ನೋಡಿದವರಲ್ಲಿ ನುರಿತ ಶಾಲಾ ಆಡಳಿತಗಾರರೂ ಇದ್ದರು. ತೀರ್ಪುಗಾರರ ನಡುವೆ ಒಮ್ಮತ ಚೆನ್ನಾಗಿಯೇ ಇತ್ತು, ಆದರೆ ಪರಿಣಾಮಕಾರಿ ಶಿಕ್ಷಕರನ್ನು ಗುರುತಿಸುವಲ್ಲಿ ಸೋತರು. ಗಟ್ಟಿ ದನಿ, ಅಚ್ಚುಕಟ್ಟು, ನಗುಮುಖ, ಸದಾ ಮೇಲೆದ್ದ ಮಕ್ಕಳ ಕೈ, ಇವು ನಮ್ಮ ಎಲ್ಲರ ಕಣ್ಣನ್ನೂ ಒಂದೇ ರೀತಿ ಸೆಳೆಯುತ್ತವೆ ಎಂದು ನನಗನಿಸುತ್ತದೆ. ಪರೀಕ್ಷೆಯ ಅಂಕದಿಂದ ಶಿಕ್ಷಕರನ್ನು ತೂಗುವ ಲೆಕ್ಕದಲ್ಲೂ ತಪ್ಪುಗಳುಂಟು, ಅದನ್ನೂ ಒಪ್ಪುತ್ತೇನೆ. ಆದರೂ ‘ನಾನು ಬಾಗಿಲಲ್ಲಿ ನಿಂತರೆ ಸಾಕು, ಮೇಷ್ಟ್ರು ಎಂಥವರು ಎಂದು ಹೇಳಿಬಿಡುತ್ತೇನೆ’ ಎನ್ನುವವರ ಆತ್ಮವಿಶ್ವಾಸ ಸ್ವಲ್ಪ ಇಳಿಯಲು ಈ ಪ್ರಯೋಗ ಸಾಕು.

ಯಾವ ಮಕ್ಕಳು ಎದುರಿಗೆ ಕೂತಿದ್ದಾರೆ ಎಂಬುದೂ ಅಂಕದೊಳಗೆ ನುಸುಳುತ್ತದೆ. ಮೊದಲೇ ಮುಂದಿರುವ ಮಕ್ಕಳ ತರಗತಿ ಸಿಕ್ಕ ಶಿಕ್ಷಕರಿಗೆ ವೀಕ್ಷಣೆಯ ಅಂಕವೂ ಹೆಚ್ಚು ಬರುತ್ತದೆ ಎಂದು ಬ್ರೂಕಿಂಗ್ಸ್ ಸಂಸ್ಥೆಯ ಅಧ್ಯಯನವೊಂದು 2014ರಲ್ಲಿ ತೋರಿಸಿತು. ಪೇಟೆಯ ಇಂಗ್ಲಿಷ್ ಮಾಧ್ಯಮದ ತರಗತಿಯನ್ನೂ, ಅಪ್ಪ ಅಮ್ಮ ಗುಳೆ ಹೋಗಿ ಅಜ್ಜಿಯ ಜೊತೆ ಉಳಿದ ಮಕ್ಕಳ ತರಗತಿಯನ್ನೂ ಒಂದೇ ನಮೂನೆ ಹಿಡಿದು ನೋಡಿದರೆ ಯಾರಿಗೆ ‘ಮಕ್ಕಳು ಚೆನ್ನಾಗಿ ಸ್ಪಂದಿಸಿದರು’ ಎಂಬ ಸಾಲು ಸಿಗುತ್ತದೆ ಎಂದು ಹೇಳಬೇಕಿಲ್ಲ.

ನಮೂನೆಯ ಮಾತು ಬಂತು. ನಮ್ಮ ನಲಿ-ಕಲಿಯ ಕೋಣೆಯನ್ನು ತೆಗೆದುಕೊಳ್ಳಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದು ಶುರು ಮಾಡಿದ ಪದ್ಧತಿ ಅದು. ತಲೆಯ ಮೇಲೆ ಚಪ್ಪರದಂತೆ ಕಟ್ಟಿದ ದಾರಕ್ಕೆ ಮಕ್ಕಳ ಚಿತ್ರಗಳು, ಗೋಡೆಗೆ ಕಲಿಕೆಯ ಏಣಿ, ನೆಲದ ಮೇಲೆ ಕಾರ್ಡುಗಳು. ಒಂದು ಗುಂಪಿಗೆ ಶಿಕ್ಷಕಿಯ ಪೂರ್ತಿ ನೆರವು, ಇನ್ನೊಂದಕ್ಕೆ ಅರೆ ನೆರವು, ಮತ್ತೊಂದು ಗೆಳೆಯರ ಜೊತೆ, ಮಗದೊಂದು ತಾನೇ ಕಲಿಯುವ ಗುಂಪು. ಮೇಡಂ ನೆಲದ ಮೇಲೆ ಮೂರು ಮಕ್ಕಳ ನಡುವೆ ಕೂತಿದ್ದಾರೆ, ಉಳಿದವರು ಗುಜುಗುಜು ಎನ್ನುತ್ತಿದ್ದಾರೆ. ‘ಪೀಠಿಕೆ, ವಿಷಯ ನಿರೂಪಣೆ, ಪುನರವಲೋಕನ, ಮನೆಗೆಲಸ’ ಎಂದು ಕಾಲಂ ಇರುವ ಹಾಳೆ ಹಿಡಿದವರಿಗೆ ಅಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಕಪ್ಪುಹಲಗೆ ಖಾಲಿ, ಪಾಠ ಎಲ್ಲಿದೆ ಎಂದೇ ಅವರು ಹುಡುಕಬೇಕು. ಇಬ್ಬರಲ್ಲ, ಹತ್ತು ಜನ ಅದೇ ಹಾಳೆ ಹಿಡಿದು ಬಂದರೂ ಹತ್ತೂ ಜನ ಒಂದೇ ತಪ್ಪನ್ನು ಬರೆದು ಹೋಗುತ್ತಾರೆ.

ಹಾಗಾದರೆ ಪಾಠ ನೋಡುವುದನ್ನೇ ಬಿಡಬೇಕೇ? ಇಂಗ್ಲೆಂಡಿನ ಶಾಲಾ ತನಿಖಾ ಸಂಸ್ಥೆ ಆಫ್‌ಸ್ಟೆಡ್ ಒಂದು ನಡುದಾರಿ ಹಿಡಿಯಿತು. ಬಿಡಿಬಿಡಿ ಪಾಠಗಳಿಗೆ ದರ್ಜೆ ಕೊಡುವುದನ್ನು 2014ರಲ್ಲಿ ನಿಲ್ಲಿಸಿತು. ಇನ್‌ಸ್ಪೆಕ್ಟರುಗಳು ತರಗತಿಗೆ ಹೋಗುವುದು ಮುಂದುವರಿಯಿತು, ಆದರೆ ಇಪ್ಪತ್ತು ನಿಮಿಷ ನೋಡಿ ಒಬ್ಬ ಶಿಕ್ಷಕರ ಹಣೆಗೆ 1ರಿಂದ 4ರೊಳಗಿನ ಅಂಕಿ ಅಂಟಿಸುವುದು ತಪ್ಪಿತು. ಅಮೆರಿಕದ ಸಿನ್ಸಿನಾಟಿ ಊರಿನ ಅನುಭವ ಇನ್ನೊಂದು ದಿಕ್ಕಿನದು. ಅಲ್ಲಿ ಒಂದು ವರ್ಷದಲ್ಲಿ ನಾಲ್ಕು ಸಲ ಪಾಠ ನೋಡುತ್ತಿದ್ದರು, ಮೂರು ಸಲ ಹೊರ ಶಾಲೆಯ ನುರಿತ ಶಿಕ್ಷಕರು, ಒಂದು ಸಲ ಮುಖ್ಯಸ್ಥರು. ನೋಡಿದ ಮೇಲೆ ಕೂತು ಮಾತಾಡುತ್ತಿದ್ದರು. ಹಲವು ವರ್ಷ ಸರ್ವಿಸ್ ಆದ ಶಿಕ್ಷಕರನ್ನೇ ತೆಗೆದುಕೊಂಡು ಎರಿಕ್ ಟೇಲರ್ ಮತ್ತು ಜಾನ್ ಟೈಲರ್ ಲೆಕ್ಕ ಹಾಕಿದಾಗ, ಹಾಗೆ ನೋಡಿಸಿಕೊಂಡ ವರ್ಷದಲ್ಲೂ ಅದರ ಮುಂದಿನ ವರ್ಷಗಳಲ್ಲೂ ಅವರ ಮಕ್ಕಳ ಗಣಿತ ಸುಧಾರಿಸಿತ್ತು. ಅಂಕ ಎಷ್ಟು ಬಂತು ಎಂಬುದಕ್ಕಿಂತ ನಾಲ್ಕು ಸಲ ಪಾಠದ ಬಗ್ಗೆ ಯಾರೋ ತಿಳಿದವರು ಗಂಭೀರವಾಗಿ ಮಾತಾಡಿದ್ದೇ ಕೆಲಸ ಮಾಡಿರಬೇಕು ಎಂದು ನನ್ನ ಅಂದಾಜು.

ಬಡ್ತಿ, ಬಹುಮಾನ, ನೋಟಿಸು ಎಂದು ವೀಕ್ಷಣೆಯ ಅಂಕವನ್ನು ಬಳಸಬೇಕೆಂದಿದ್ದರೆ ಮೂರು ನಾಲ್ಕು ಬೇರೆ ಬೇರೆ ಜನರ ನೋಟ ಬೇಕು, ಅದಕ್ಕಿಂತ ಕಡಿಮೆಯಲ್ಲಿ ತೀರ್ಪು ಕೊಡುವುದು ನನ್ನ ಮಟ್ಟಿಗೆ ಅನ್ಯಾಯ. ಇದಕ್ಕೆ ಖರ್ಚಾಗುತ್ತದೆ. ಹಿಲ್ಸ್‌ಬರೋದವರೇ ಆ ಖರ್ಚಿಗೆ ಹೆದರಿ 2015ರಲ್ಲಿ ಸಹಶಿಕ್ಷಕರಿಂದ ಪಾಠ ನೋಡಿಸುವ ಏರ್ಪಾಟನ್ನು ಕೈಬಿಟ್ಟರು. ಇಷ್ಟು ಒಳ್ಳೆಯ ಲೆಕ್ಕ ಕೊಟ್ಟ ಜಿಲ್ಲೆಯೇ ಅದನ್ನು ಉಳಿಸಿಕೊಳ್ಳಲಾರದೆ ಹೋಯಿತು.

ನಮ್ಮಲ್ಲಿ ಆ ಎರಡನೆಯ ಕಣ್ಣಿಗೆ ಹೊಸ ಹುದ್ದೆ ಸೃಷ್ಟಿಸಬೇಕಾಗಿಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್ ಇದೆ, ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಸಿ.ಆರ್.ಪಿ., ಇದ್ದಾರೆ, ಸುತ್ತಲಿನ ಶಾಲೆಗಳ ಶಿಕ್ಷಕರು ಕಲೆಯುವ ಸಮಾಲೋಚನಾ ಸಭೆ ಇದೆ. ಆ ಸಭೆಗಳು ಹೆಚ್ಚಾಗಿ ಸುತ್ತೋಲೆ ಓದುವುದರಲ್ಲಿ, ಅಂಕಿ ಅಂಶ ತುಂಬಿಸಿಕೊಳ್ಳುವುದರಲ್ಲಿ ಮುಗಿದುಹೋಗುತ್ತವೆ ಎಂದು ಶಿಕ್ಷಕರು ಗೊಣಗುವುದನ್ನು ಕೇಳಿದ್ದೇನೆ. ಅದರ ಬದಲು ವರ್ಷಕ್ಕೆ ಎರಡು ಸಲವಾದರೂ ಒಬ್ಬ ಶಿಕ್ಷಕರು ಪಕ್ಕದೂರಿನ ಶಾಲೆಯ ಪಾಠ ನೋಡಲು ಹೋಗಲಿ. ಯಾವ ಮಗು ಏನು ಹೇಳಿತು, ಆಗ ಮೇಷ್ಟ್ರು ಏನು ಮಾಡಿದರು ಎಂಬುದನ್ನು ಹಾಗೇ ಬರೆದುಕೊಂಡು ಬರಲಿ, ದರ್ಜೆಯ ಕಾಲಂ ಇಲ್ಲದಿರಲಿ. ಹೋದವರ ತರಗತಿಯನ್ನು ಅಂದು ಯಾರು ನೋಡಿಕೊಳ್ಳುವುದು ಎಂಬುದೇ ತೊಡಕು. ಏಕೋಪಾಧ್ಯಾಯ ಶಾಲೆಗಳಲ್ಲಂತೂ ಬಾಗಿಲು ಹಾಕಬೇಕಾಗುತ್ತದೆ. ಅಲ್ಲಿಗೆ ಆ ಒಂದು ದಿನ ಸಿ.ಆರ್.ಪಿ.ಯವರೇ ಹೋಗಿ ಪಾಠ ಮಾಡಬೇಕಾದೀತು. ಅವರೂ ಮೂಲತಃ ಶಿಕ್ಷಕರೇ ಆದ್ದರಿಂದ ಅದೇನೂ ಆಗದ ಕೆಲಸವಲ್ಲ.